ಪಾಳು ಅರಮನೆಯ ಹೊಸಿಲು

ಜೂನ್ 8, ಭಾನುವಾರ

ತಲೆಯೊಳಗೆ ಇಟ್ಟುಕೊಂಡರೆ ಓಡಾಡುತ್ತಲೇ ಇರುತ್ತದೆ, ಬರೆದರೆ ಒಂದು ಕಡೆ ಕೂರುತ್ತದೆ. ಅದಕ್ಕೇ ಬರೆಯುವುದು. ಇವರ ಗೊಬ್ಬರದ ಅಂಗಡಿಗೆ ಕಂಪನಿಯವರು ವರ್ಷಾ ವರ್ಷಾ ಕೊಡುವ ಡೈರಿಗಳು ಮನೆಯಲ್ಲಿ ಬೇಕಾದಷ್ಟಿವೆ. ಏಳನೇ ಕ್ಲಾಸಿಗೆ ಬಿಟ್ಟವಳ ಒತ್ತಕ್ಷರ ನೋಡುವವರು ಯಾರಿದ್ದಾರೆ.

ಕಿರಿಮಗ ನಂಜುಂಡೇಶನ ಮದುವೆಯಾಗಿ ತಿಂಗಳಾಯಿತು. ಸೊಸೆ ಭಾವನಾ ಒಳ್ಳೆಯ ಹುಡುಗಿ. ಕೆಲಸಕ್ಕೆ ಹಿಂದೆ ಸರಿಯುವುದಿಲ್ಲ, ಎದುರು ಮಾತಾಡುವುದಿಲ್ಲ. ಆ ಮಾತಾಡದಿರುವುದೇ ನನಗೆ ಭಯ. ದೊಡ್ಡ ಸೊಸೆಯೂ ಹೀಗೇ ಇದ್ದಳು, ದೊಡ್ಡ ಮಗ ಶಿವಶಂಕರನ ಹೆಂಡತಿ. ಮದುವೆಯಾದ ವರ್ಷ ಎಲ್ಲರ ಮನೆಯ ಹೊಸ ಸೊಸೆಯರ ಹಾಗೆ ಆಷಾಢಕ್ಕೆ ತವರಿಗೆ ಹೋದಳು. ಶ್ರಾವಣಕ್ಕೆ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಯಾಕೆ ಅಂತ ಇವತ್ತಿಗೂ ನನಗೆ ಯಾರೂ ಹೇಳಿಲ್ಲ. ಶಿವಶಂಕರ ಮೈಸೂರಿನಲ್ಲಿ ಒಬ್ಬನೇ ರೂಮು ಮಾಡಿಕೊಂಡಿದ್ದಾನೆ.

ಈಗ ಮತ್ತೆ ಆಷಾಢ ಬರುತ್ತಿದೆ. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದ ತಿಂಗಳು. ಭಾವನಾ ಚುಂಚನಕಟ್ಟೆಗೆ, ಅಪ್ಪನ ಮನೆಗೆ ಹೋಗಬೇಕು. ಹೋದವಳು ಬರುತ್ತಾಳೋ ಇಲ್ಲವೋ.

ಇದರ ಮೇಲೆ ಆ ಕರಿ ಪೆಟ್ಟಿಗೆ ಬೇರೆ. ಸೀರೆ, ಪಾತ್ರೆಗಳ ಜೊತೆ ತಂದಿದ್ದಾಳೆ. ಊಟವಾದ ಮೇಲೆ ರೂಮಿನ ಕಿಟಕಿ ಮುಚ್ಚಿ, ಟಿವಿಗೆ ಸಿಕ್ಕಿಸಿ ವಿಡಿಯೋ ಗೇಮು ಆಡುತ್ತಾಳೆ. ಒಳಗಿನಿಂದ ನರಳುವ ಸದ್ದು, ಸರಪಳಿ ಎಳೆದ ಸದ್ದು. ಬಾಗಿಲ ಸಂದಿಯಲ್ಲಿ ಇಣುಕಿದರೆ ಟಿವಿ ತುಂಬ ರಕ್ತ. ನಿನ್ನೆ ಪಕ್ಕದ ಮನೆ ಮಾಯಮ್ಮ ಕಾಂಪೌಂಡಿನ ಮೇಲಿನಿಂದ ತಲೆ ಹಾಕಿ, "ಮಂಗಳಕ್ಕ, ನಿಮ್ಮನೇಲಿ ಯಾರ್ಗಾದ್ರೂ ಉಸಾರಿಲ್ವಾ?" ಅಂದಳು. ಸೀರಿಯಲ್ಲು ಕಣೇ ಅಂದುಬಿಟ್ಟೆ.

ಸುಖವಾಗಿರುವ ಹುಡುಗಿ ಕತ್ತಲಲ್ಲಿ ಕೂತು ಯಾಕೆ ರಕ್ತ ನೋಡುತ್ತಾಳೆ?

ಜೂನ್ 11, ಬುಧವಾರ

ಕಾಫಿ ಕೊಡುವ ನೆಪದಲ್ಲಿ ಒಳಗೆ ಹೋದೆ. ಎರಡು ನಿಮಿಷ ನೋಡಿ, ಇಂಥದ್ದೆಲ್ಲ ಬೇಡ ಕಣವ್ವ ಅಂತ ಮೆತ್ತಗೆ ಹೇಳುವುದು ನನ್ನ ಲೆಕ್ಕ.

ಟಿವಿಯಲ್ಲಿ ಒಂದು ಪಾಳು ಅರಮನೆ. ಕಂಬಗಳ ಮೇಲೆಲ್ಲ ಪಾಚಿ. ಬೆಳದಿಂಗಳು ಬಿದ್ದ ಅಂಗಳದಲ್ಲಿ ಒಬ್ಬಳು ಹೆಂಗಸು ಒಂದು ಕೈಯಲ್ಲಿ ಲಾಟೀನು, ಇನ್ನೊಂದರಲ್ಲಿ ಮಚ್ಚು ಹಿಡಿದು ನಡೆಯುತ್ತಿದ್ದಾಳೆ. ಕಾಣೆಯಾದ ಅಮ್ಮನನ್ನು ಹುಡುಕಿಕೊಂಡು ಬಂದಿದ್ದಾಳಂತೆ. ಅಯ್ಯೋ ಪಾಪ ಅನ್ನಿಸಿತು. ಅಷ್ಟರಲ್ಲಿ ಅವಳ ಹಿಂದಿನ ಕಂಬದಿಂದ ನೆರಳಿನಂಥದ್ದು ಬಿಡಿಸಿಕೊಂಡು ಬಂತು. ಕೈ ನೆಲ ಮುಟ್ಟುವಷ್ಟು ಉದ್ದ. ಭಾವನಾ ನೋಡಿರಲಿಲ್ಲ.

"ಹಿಂದಕ್ ನೋಡೇ ಮಗ!"

ನನ್ನ ಬಾಯಿಂದಲೇ ಬಂದದ್ದು. ಅವಳು ಗಕ್ಕನೆ ತಿರುಗಿಸಿ ಒಂದೇಟು ಹಾಕಿದಳು. ಅದು ಮಣ್ಣಾಯಿತು. ಕಾಫಿ ಅರ್ಧ ತಟ್ಟೆಗೆ, ಅರ್ಧ ನನ್ನ ಸೆರಗಿಗೆ. ಭಾವನಾ ನನ್ನ ಮುಖ ನೋಡಿ ನಗತೊಡಗಿದಳು. ಈ ಮನೆಗೆ ಬಂದ ಮೇಲೆ ಅವಳ ಹಲ್ಲು ಕಂಡಿದ್ದು ಇವತ್ತೇ.

ಬೇಡ ಕಣವ್ವ ಅನ್ನುವುದು ಮರೆತೇ ಹೋಯಿತು. ನಾಳೆ ಹೇಳಬೇಕು.

ಜೂನ್ 14, ಶನಿವಾರ

ಇವತ್ತು ನನ್ನ ಕೈಗೇ ರಿಮೋಟು ಕೊಟ್ಟಳು. ಅದಕ್ಕೆ ಬೇರೆ ಹೆಸರಿದೆ, ನನ್ನ ನಾಲಿಗೆ ತಿರುಗುವುದಿಲ್ಲ. ಎರಡು ಕೈಯಲ್ಲೂ ಹಿಡಿಯಬೇಕು. ಎಡಗೈ ಹೆಬ್ಬೆರಳಿಗೆ ನಡೆಯುವುದು, ಬಲಗೈ ಹೆಬ್ಬೆರಳಿಗೆ ನೋಡುವುದು. ನಾನು ನಡೆಯುವಾಗ ಆಕಾಶ ನೋಡಿದೆ, ನೋಡುವಾಗ ಬಾವಿಗೆ ಬಿದ್ದೆ. ಮತ್ತೆ ಬಿದ್ದೆ. ಮತ್ತೆ.

ಸತ್ತರೆ ಟಿವಿಯೆಲ್ಲ ಕೆಂಪಾಗುತ್ತದೆ. ಆಮೇಲೆ ಹಿಂದೆ ಎಲ್ಲಿ ದೀಪ ಹಚ್ಚಿಟ್ಟಿದ್ದೆವೋ ಅಲ್ಲಿ ಎದ್ದು ನಿಂತಿರುತ್ತೇವೆ. ಯಾರೂ ಬೈಯುವುದಿಲ್ಲ.

ಇಷ್ಟು ಭಯದ ಆಟ ಯಾಕೆ ಆಡ್ತೀಯ ಅಂತ ಕೊನೆಗೆ ಕೇಳಿಯೇಬಿಟ್ಟೆ. ಅವಳು ಹೇಳಿದಳು, "ಹೊರಗ್ ಯಾವಾಗ ಏನ್ ಬತ್ತದೋ ಗೊತ್ತಾಗಲ್ಲ ಅತ್ತೆ. ಇಲ್ಲಿ ಬರೋಕ್ ಮುಂಚೆ ಮ್ಯೂಸಿಕ್ ಬತ್ತದೆ."

ಹೌದಲ್ಲ ಅನ್ನಿಸಿತು. ನನಗೆ ಐವತ್ತು ತುಂಬುತ್ತಾ ಬಂತು. ಬೆಳಿಗ್ಗೆ ಎದ್ದರೆ ಭಯ. ಗ್ಯಾಸ್ ಸೋರುತ್ತದೇನೋ, ಇವರಿಗೆ ಶುಗರ್ ಏರುತ್ತದೇನೋ, ನಂಜುಂಡೇಶನ ಗೂಡ್ಸ್ ಗಾಡಿಗೆ ಬಾವಲಿ ಕಾಡಿನಲ್ಲಿ ಆನೆ ಅಡ್ಡ ಬರುತ್ತದೇನೋ. ಒಂದಕ್ಕೂ ಮುಖವಿಲ್ಲ, ಮುಟ್ಟಲು ಮೈಯಿಲ್ಲ. ಈ ಅರಮನೆಯಲ್ಲಿ ಭಯ ಬಾಗಿಲ ಹಿಂದೆ ನಿಂತಿರುತ್ತದೆ. ಬಾಗಿಲು ತೆಗೆದರೆ ಅದು ಇದೆ, ಹೊಡೆದರೆ ಇಲ್ಲ. ಎಷ್ಟು ಹಗುರ!

ಪೆಟ್ಟಿಗೆಯ ತಳದಲ್ಲಿ ಇನ್ನೊಂದು ರಿಮೋಟಿದೆ. ನಂಜುಂಡೇಶನಿಗೆ ಅಂತ ತಂದಿದ್ದಳಂತೆ. ಕೇರಳಕ್ಕೆ ಶುಂಠಿ ಸಾಗಿಸಿ ಬಂದವನು ರಿಮೋಟು ಹಿಡಿದುಕೊಂಡೇ ಗೊರಕೆ ಹೊಡೆದನಂತೆ. ಇಬ್ಬರು ಆಡಿದರೆ ಅಕ್ಕ ತಂಗಿ ಇಬ್ಬರೂ ಬರುತ್ತಾರೆ, ಟಿವಿ ಎರಡು ಭಾಗವಾಗುತ್ತದೆ.

ಜೂನ್ 19, ಗುರುವಾರ

ನಾನು ಅಕ್ಕ, ಭಾವನಾ ತಂಗಿ. ಒಬ್ಬಳು ಸತ್ತರೆ ಇನ್ನೊಬ್ಬಳು ಬಂದು ಕೈ ಹಿಡಿದು ಎಬ್ಬಿಸಬಹುದು. ಅವಳು ಇವತ್ತು ನನ್ನನ್ನು ಎಬ್ಬಿಸಿದ್ದಕ್ಕೆ ಲೆಕ್ಕವಿಲ್ಲ. ನಾನು ಒಂದು ಸಲ ಎಬ್ಬಿಸಿದೆ. ಆಮೇಲೆ ಇಬ್ಬರೂ ಬಾವಿಗೆ ಬಿದ್ದೆವು.

ದೆವ್ವಗಳಿಗೆಲ್ಲ ನಾನೇ ಹೆಸರಿಟ್ಟಿದ್ದೇನೆ. ಉದ್ದ ಕೈಯವನು ಜೋಲುಗೈಯ. ಬಾವಿಯಲ್ಲಿ ಕೂದಲು ಬಿಟ್ಟುಕೊಂಡು ಕೂತವಳು ತಲೆಬಾಚದವಳು. ಹಿಂದಿನಿಂದ ಬಂದು ಸುಮ್ಮನೆ ನೋಡುತ್ತಾ ನಿಲ್ಲುವವಳು ಮಾಯಮ್ಮ. ಇದಕ್ಕೆ ಭಾವನಾ ನಕ್ಕು ನಕ್ಕು ಹಾಸಿಗೆಯ ಮೇಲೆ ಉರುಳಿದಳು. ನಿಜವಾದ ಮಾಯಮ್ಮ ಆ ಹೊತ್ತಿಗೇ ಸಕ್ಕರೆ ಕೇಳಿಕೊಂಡು ಬಂದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಸಂಜೆ ನಂಜುಂಡೇಶನೇ ಫೋನು ಮಾಡಿದ. ಎಚ್.ಡಿ. ಕೋಟೆ ದಾಟಿದಾಗ, ಬಾವಲಿ ದಾಟಿದಾಗ, ಮಾನಂದವಾಡಿ ಮುಟ್ಟಿದಾಗ ನಾನು ಮಾಡುತ್ತಿದ್ದೆನಲ್ಲ, ಇವತ್ತು ಒಂದೂ ಮಾಡಿಲ್ಲ, ಉಸಾರಾಗಿದ್ದೀಯೇನವ್ವ ಅಂತ ಕೇಳಿದ. ಜೋಲುಗೈಯ ಬಂದುಬಿಟ್ಟಿದ್ದ ಕಣೋ ಅಂದೆ. ಅವನಿಗೆ ಏನು ಅರ್ಥವಾಯಿತೋ.

ಜೂನ್ 25, ಬುಧವಾರ

ನಾಳೆ ಆಷಾಢ. ಬೆಳಿಗ್ಗೆ ಬೀಗರು ಬಂದು ಕರೆದುಕೊಂಡು ಹೋದರು. ಕೊಬ್ಬರಿ ಮಿಠಾಯಿ, ಚಕ್ಕುಲಿ ಕಟ್ಟಿಕೊಟ್ಟೆ. ಪೆಟ್ಟಿಗೆಯನ್ನೂ ತಗೊಂಡು ಹೋಗು ಅಂದೆ. ಬೇಡ ಅತ್ತೆ, ನಿಮಗೆ ಬೇಜಾರಾಗುತ್ತೆ, ನನ್ನ ಲ್ಯಾಪ್‌ಟಾಪಿನಲ್ಲೂ ಅದೇ ಆಟ ಇದೆ, ಅಲ್ಲಿಂದಲೇ ಜೊತೆಗೆ ಬತ್ತೀನಿ ಅಂದಳು. ಯಾವ ಗುಂಡಿ ಒತ್ತಿದರೆ ಏನು ಅಂತ ನನ್ನ ಕೈಯಲ್ಲಿ ಎರಡೆರಡು ಸಲ ಮಾಡಿಸಿದಳು.

ಅವಳ ಸಾಮಾನು ಮನೆಯಲ್ಲಿದೆ ಅಂದರೆ ಬರುತ್ತಾಳೆ ಅಂತ ಮಧ್ಯಾಹ್ನದವರೆಗೂ ಸಮಾಧಾನವಾಗಿದ್ದೆ. ಆಮೇಲೆ ನೆನಪಾಯಿತು. ದೊಡ್ಡ ಸೊಸೆಯೂ ಹೊಲಿಗೆ ಮಿಷನ್ನು ಬಿಟ್ಟು ಹೋಗಿದ್ದಳು. ಕಾರ್ತಿಕದಲ್ಲಿ ಯಾರೋ ಆಟೋದಲ್ಲಿ ಬಂದು ಎತ್ತಿಕೊಂಡು ಹೋದರು.

ಜೂನ್ 28, ಶನಿವಾರ

ಸಾರು ಎರಡು ಹೊತ್ತಿಗೂ ಮಿಕ್ಕಿತು. ಅಳತೆ ತಪ್ಪುತ್ತಿದೆ.

ಜುಲೈ 4, ಶುಕ್ರವಾರ

ಮಧ್ಯಾಹ್ನ ಫೋನನ್ನು ದಿಂಬಿಗೆ ಒರಗಿಸಿ, ಸ್ಪೀಕರಿಗೆ ಹಾಕಿ ಕೂತೆ. ಪೆಟ್ಟಿಗೆ ಹಾಕಿದರೆ ಟಿವಿಯಲ್ಲಿ ತಂಗಿ ಆಗಲೇ ಲಾಟೀನು ಎತ್ತಿ ನಿಂತಿದ್ದಾಳೆ. ಚುಂಚನಕಟ್ಟೆಯಲ್ಲಿ ಕೂತವಳು ನನ್ನ ರೂಮಿನಲ್ಲಿ! ಹೇಗಿದ್ದೀಯ ಮಗ ಅಂತ ಟಿವಿಯನ್ನೇ ಕೇಳಿದೆ, ಉತ್ತರ ಫೋನಿನಿಂದ ಬಂತು.

ಬಾವಿ ಈಗ ನನಗೆ ಏನೂ ಅಲ್ಲ. ತಲೆಬಾಚದವಳಿಗೆ ನಾನೇ ಎರಡೇಟು ಕೊಟ್ಟೆ. ಮೆಟ್ಟಿಲು ಹತ್ತಿ ಅರಮನೆಯ ಹೆಬ್ಬಾಗಿಲಿಗೆ ಬಂದೆವು. ಏನು ಬಾಗಿಲು! ಎರಡಾಳೆತ್ತರ, ಮರದ ಮೇಲೆ ಬಳ್ಳಿ, ಹಕ್ಕಿ, ಕೆಳಗೆ ಮೊಣಕಾಲೆತ್ತರದ ಕಲ್ಲಿನ ಹೊಸಿಲು. ಇಬ್ಬರೂ ಒಟ್ಟಿಗೆ ತಳ್ಳಬೇಕು ಅಂದಳು. ತಳ್ಳಿದೆವು. ತೆರೆಯಿತು. ಈಗ ಇಬ್ಬರೂ ಒಟ್ಟಿಗೆ ಒಳಗೆ ಕಾಲಿಡಬೇಕು ಅತ್ತೆ, ಒಬ್ಬರೇ ಹೋದರೆ ಬಿಡಲ್ಲ ಅಂದಳು.

ನನ್ನ ಹೆಬ್ಬೆರಳು ಅಲ್ಲೇ ನಿಂತಿತು.

"ಆಷಾಢ ಕಣವ್ವ."

"ಅತ್ತೆ, ಇದು ಆಟ."

"ಹೊಸಿಲು ಹೊಸಿಲೇ ತಾನೆ."

ಫೋನಿನಲ್ಲಿ ಒಂದೇ ನಗು. ಅಷ್ಟು ನಗು ನಾನು ಕೇಳೇ ಇಲ್ಲ, ಬಿಕ್ಕಳಿಕೆ ಬಂದು ನೀರು ಕುಡಿಯಲು ಎದ್ದು ಹೋದಳು. ಅವಳು ನೀರು ಕುಡಿಯುವಷ್ಟರಲ್ಲಿ ಜೋಲುಗೈಯ ಬಂದು ಇಬ್ಬರನ್ನೂ ಹೊಸಿಲಿನ ಈಚೆಗೇ ಮುಗಿಸಿದ. ಮತ್ತೆ ಹೋದೆವು, ಮತ್ತೆ ಅಲ್ಲೇ ನಿಂತೆ. ಅವಳು ಬಲವಂತ ಮಾಡಲಿಲ್ಲ. ಸರಿ ಬುಡಿ ಅತ್ತೆ, ಅಂಗಳದಲ್ಲೇ ಸುತ್ತೋಣ ಅಂದಳು.

ಅವಳು ಬರಬೇಕು ಅಂತ ನಾನು ಎಷ್ಟು ದೇವರಿಗೆ ಹರಸಿಕೊಂಡಿದ್ದೇನೆ. ಒಂದು ಆಟಕ್ಕೋಸ್ಕರ ಶಾಸ್ತ್ರ ಮೀರಿ, ನಾಳೆ ಏನಾದರೂ ಆದರೆ?

ಜುಲೈ 5, ಶನಿವಾರ

ಮನಸ್ಸು ತಡೆಯದೆ ದೇವಸ್ಥಾನದಲ್ಲಿ ಪೂಜೆ ಮಾಡುವ ಮುದ್ದಯ್ಯನವರನ್ನು ಕೇಳಿದೆ. ಆಟ ಅಂತ ಹೇಳಲಿಲ್ಲ. ನಮ್ಮದಲ್ಲದ ಮನೆಯ ಹೊಸಿಲಾದರೆ ಅತ್ತೆ ಸೊಸೆ ದಾಟಬಹುದಾ ಅಂದೆ. ಯಾರ ಮನೆ ಅದು ಅಂದರು. ಯಾರೂ ಇಲ್ಲ ಸ್ವಾಮಿ, ಪಾಳು ಬಿದ್ದಿದೆ, ಬರೀ ದೆವ್ವ ಅಂದೆ.

ಅವರು ಕುಂಕುಮದ ತಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿದರು. "ದೆವ್ವದ್ ಮನೆಗೆ ಸೊಸೆನ ಯಾಕವ್ವ ಕರ್ಕೊಂಡ್ ಓಗ್ತೀಯಾ?"

ತೀರ್ಥ ತೆಗೆದುಕೊಂಡು ಬಂದುಬಿಟ್ಟೆ.

ಜುಲೈ 9, ಬುಧವಾರ

ಭಾವನಾಳ ಫೋನು ಸ್ವಿಚ್ ಆಫ್. ನಿನ್ನೆಯೂ.

ಜುಲೈ 11, ಶುಕ್ರವಾರ

ಇವತ್ತೂ ಇಲ್ಲ. ಮಾಯಮ್ಮ ಬಂದು, ದೊಡ್ಡವಳದ್ದೂ ಹಿಂಗೇ ಅಲ್ವಾ ಶುರುವಾಗಿದ್ದು ಅಂದಳು. ನಿನ್ನ ಮನೆ ಹಾಲು ಉಕ್ಕುತ್ತಿರಬೇಕು ನೋಡು ಹೋಗು ಅಂದು ಬಾಗಿಲು ಹಾಕಿಕೊಂಡೆ. ಹಾಗೆ ಯಾರಿಗೂ ಹೇಳಿದವಳಲ್ಲ ನಾನು.

ನಂಜುಂಡೇಶ ತಲಶೇರಿಯಲ್ಲಿದ್ದಾನೆ. ಅವನನ್ನು ಕೇಳಲು ಬಾಯಿ ಬರುತ್ತಿಲ್ಲ. ಶಿವಶಂಕರನನ್ನು ಕೇಳಿದ ದಿನವೇ ಅವನು ಹೇಳಿದ್ದು, ಇನ್ನು ಅವಳು ಬರಲ್ಲ ಅಂತ. ಕೇಳದಿದ್ದರೆ ಉತ್ತರವೂ ಇಲ್ಲ. ಪೆಟ್ಟಿಗೆ ಹಾಕಲೂ ಆಗುತ್ತಿಲ್ಲ. ಅಲ್ಲಿ ಯಾರೂ ಇಲ್ಲದ ಅಂಗಳ ಕಂಡರೆ ನಾನು ಏನು ಮಾಡಲಿ.

ಜುಲೈ 12, ಶನಿವಾರ

ಅಕ್ಕಿ ಆರಿಸುತ್ತಾ ಕೂತಿದ್ದೆ. ಒಂದೇ ಮೊರವನ್ನು ಎಷ್ಟು ಹೊತ್ತು ಆರಿಸುವುದು. ಬಾಗಿಲ ಹಿಂದೆ ಇದ್ದರೆ ಇರುತ್ತದೆ, ತೆಗೆಯದಿದ್ದರೂ ಇರುತ್ತದೆ ಅನ್ನಿಸಿತು. ಎದ್ದು ಹೋಗಿ ಪೆಟ್ಟಿಗೆ ಹಾಕಿದೆ.

ಅಂಗಳ ಖಾಲಿ. ಬಾವಿಯ ಹತ್ತಿರ ಯಾರೂ ಇಲ್ಲ. ಒಬ್ಬಳೇ ಮೆಟ್ಟಿಲು ಹತ್ತಿದೆ. ಹೆಬ್ಬಾಗಿಲ ಹತ್ತಿರ ಒಂದು ಬೆಳಕು. ಹೊಸಿಲಿನ ಈಚೆಗೆ, ಲಾಟೀನು ಹಿಡಿದು ತಂಗಿ ನಿಂತಿದ್ದಳು.

ಇದ್ದಳು!

ನನ್ನನ್ನು ಕಂಡದ್ದೇ ಲಾಟೀನನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಮಾಡಿದಳು. ನಾನೂ ಮಾಡಿದೆ. ಫೋನಿಲ್ಲ, ಮಾತಿಲ್ಲ. ಅವಳು ಒಂದು ಸುತ್ತು ಬಂದಳು, ನಾನೂ ಬಂದೆ. ಅವಳು ಕುಪ್ಪಳಿಸಿದಳು, ನಾನು ಕುಪ್ಪಳಿಸಲು ಹೋಗಿ ಯಾವುದೋ ಗುಂಡಿ ಒತ್ತಿ ಅವಳಿಗೇ ಮಚ್ಚಿನಲ್ಲಿ ಒಂದು ಕೊಟ್ಟೆ. ಅವಳು ಮತ್ತೆ ಲಾಟೀನು ಕುಣಿಸಿದಳು. ನಗುತ್ತಿದ್ದಾಳೆ ಅಂತ ಇಲ್ಲಿಂದಲೇ ಗೊತ್ತಾಯಿತು.

ಅಷ್ಟರಲ್ಲಿ ಸಂಗೀತ ಬದಲಾಯಿತು. ಜೋಲುಗೈಯ, ಅವಳ ಬೆನ್ನ ಹಿಂದೆ. ಕೂಗಿದರೆ ಅವಳಿಗೆ ಕೇಳುವುದಿಲ್ಲ. ಯಾವಾಗಲೂ ನಾನು ಕಂಬದ ಮರೆಗೆ ಓಡುವವಳು. ಇವತ್ತು ಮಧ್ಯೆ ನುಗ್ಗಿ, ಅವನು ಮಣ್ಣಾಗುವವರೆಗೂ ಹೊಡೆದೆ. ಹೆಬ್ಬೆರಳು ಇನ್ನೂ ನೋಯುತ್ತಿದೆ.

ಆಮೇಲೆ ಅಂಗಡಿಗೆ ಫೋನು ಮಾಡಿ, ಬೀಗರಿಗೆ ಫೋನು ಹಾಕಿ, ಭಾವನಾ ಹೇಗಿದ್ದಾಳೆ ಕೇಳಿ ಅಂದೆ ಇವರಿಗೆ. ಇವರು ತಲೆ ಕೆರೆದುಕೊಂಡದ್ದು ಫೋನಿನಲ್ಲೇ ಕೇಳಿಸಿತು. ಮಂಗಳವಾರವೇ ಬೀಗರು ಫೋನು ಮಾಡಿದ್ದರಂತೆ. ಹೊಳೆ ತುಂಬಿದ್ದನ್ನು ಫೋಟೋ ತೆಗೆಯಲು ಹೋಗಿ ಹುಡುಗಿಯ ಫೋನು ಕಾವೇರಿ ಪಾಲಾಯಿತು, ಬೀಗಿತ್ತಿಗೆ ಹೇಳಿಬಿಡಿ ಅಂದಿದ್ದರಂತೆ. ಯೂರಿಯಾ ಲೋಡು ಬಂದಿತ್ತು, ಮರೆತೆ ಅಂದರು.

ರಾತ್ರಿ ಇವರ ಸಾರಿಗೆ ಒಗ್ಗರಣೆ ಹಾಕಲಿಲ್ಲ.

ಜುಲೈ 16, ಬುಧವಾರ

ನಂಜುಂಡೇಶನ ಹಳೆಯ ಫೋನೊಂದು ಬೀರುವಿನಲ್ಲಿತ್ತು. ಕೊಟ್ಟು ಬರೋಣ ಅಂತ ಹೊರಟೆ. ಇವರಿಗೆ ಅಂಗಡಿ, ಅವನಿಗೆ ಗಾಡಿ. ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಕೆ.ಆರ್. ನಗರದಲ್ಲಿಳಿದು, ಅಲ್ಲಿ ಇನ್ನೊಂದು ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಗದ್ದೆಗೆಲ್ಲ ನೀರು ಬಿಟ್ಟಿದ್ದಾರೆ, ಚೆನ್ನಾಗಿದೆ.

ಬೀಗಿತ್ತಿ ಒಳಗೆ ಬನ್ನಿ ಅಂದರು. ಆಷಾಢ, ನಾನು ಹೊಸಿಲು ದಾಟಲ್ಲ, ಸೊಸೆ ಒಳಗಿದ್ದಾಳೆ ಅಂದು ಜಗಲಿಯ ಮೇಲೇ ಕೂತೆ. ಭಾವನಾ ಹೊರಗೆ ಬಂದು ನನ್ನ ಪಕ್ಕ ಕೂತಳು. ಫೋನು ಕೊಟ್ಟೆ. ಅದನ್ನು ತೊಡೆಯ ಮೇಲಿಟ್ಟುಕೊಂಡಳು, ತೆರೆದೂ ನೋಡಲಿಲ್ಲ.

ಅಪ್ಪನ ಫೋನಿನಿಂದ ಯಾಕೆ ಮಾಡಲಿಲ್ಲ ಮಗ ಅಂತ ಕೇಳಿದೆ. ನಿಮಗೆ ವಿಷಯ ಗೊತ್ತಿದ್ದೂ ನೀವು ಮಾಡುತ್ತಿಲ್ಲ ಅಂದುಕೊಂಡೆ ಅಂದಳು. ಆಮೇಲೆ ನಿಧಾನಕ್ಕೆ ಹೇಳಿದಳು. ಅವಳ ದೊಡ್ಡಮ್ಮ ಮೊದಲ ದಿನವೇ ಹೇಳಿದ್ದರಂತೆ, ಆ ಮನೆಯವರು ಸೊಸೆಯನ್ನು ಆಷಾಢಕ್ಕೆ ಕಳಿಸುತ್ತಾರೆ, ಕರೆಯಲು ಬರುವುದಿಲ್ಲ, ಮೊದಲನೆಯವಳಿಗೂ ಹಾಗೇ ಆಯಿತು ಅಂತ.

"ಆ ನಾಲ್ಕ್ ದಿನ ಮಧ್ಯಾನೆಲ್ಲ ಬಾಗ್ಲತ್ರಾನೇ ನಿಂತಿದ್ದೆ ಅತ್ತೆ. ನೀವ್ ಬರ್ದಿದ್ರೆ ಏನ್ ಮಾಡೋದು ಅಂತ."

ನಾನು ಇಲ್ಲಿ ಅಕ್ಕಿ ಆರಿಸುತ್ತಾ ಅದನ್ನೇ ಅಂದುಕೊಂಡಿದ್ದೆ. ಇಷ್ಟು ದಿನ ಈ ಲೋಕದಲ್ಲಿ ಹೆದರುವವಳು ನಾನೊಬ್ಬಳೇ ಅನ್ನುವ ಹಾಗಿದ್ದೆನಲ್ಲ. ಅವಳ ಕೈ ಹಿಡಿದುಕೊಂಡೆ, ತಣ್ಣಗಿತ್ತು.

"ಶ್ರಾವಣ ಉಟ್ಟಿದ್ ಬೆಳಿಗ್ಗೆ ನಾನೇ ಬತ್ತೀನಿ ಕಣವ್ವ, ಕರ್ಕೊಂಡ್ ಓಗೋಕೆ. ಯಾರ್ ಬರ್ದಿದ್ರೂ ನಾನ್ ಬತ್ತೀನಿ."

ಅವಳು ಎದ್ದು ಒಳಗೆ ಹೋದಳು. ತಪ್ಪು ಮಾತಾಡಿದೆನೇನೋ ಅಂದುಕೊಂಡೆ. ನೋಡಿದರೆ ಲ್ಯಾಪ್‌ಟಾಪ್ ತರಲು ಹೋದದ್ದು. ಜಗಲಿಯ ಮೇಲೆ ಬಿಸಿಲಿಗೆ ಸೆರಗು ಮರೆ ಮಾಡಿಕೊಂಡು ಆಡಿದೆವು. ಬೀಗಿತ್ತಿ ಕಾಫಿ ತಂದು, ಥೂ, ಇದೆಂಥ ಅನಿಷ್ಟ, ಹೆಣ್ಣುಮಕ್ಕಳು ನೋಡೋದಾ ಇದು ಅಂತ ಬೈದರು. ಬೈಯುತ್ತಾ ಬೈಯುತ್ತಾ ಅಲ್ಲೇ ಕೂತರು. ಕಾಲು ಗಂಟೆ ಕಳೆದಿರಬೇಕು, ಭಾವನಾಳ ಬೆನ್ನಿಗೆ ಗುದ್ದಿ, ಎಡಕ್ಕೇ, ಎಡಕ್ಕೆ ಹೋಗೇ ಅನ್ನುತ್ತಿದ್ದರು.

ಕೊನೆಯ ಬಸ್ಸು ತಪ್ಪುವುದರಲ್ಲಿತ್ತು. ಬಂದು ಬೀಗ ತೆಗೆದರೆ ಕರೆಂಟಿಲ್ಲ. ಫ್ಯೂಸು ಹೋಗಿತ್ತು, ಹಾಕಿದೆ. ಇವರಿಗೆ ಊಟಕ್ಕಿಟ್ಟೆ. ಒಬ್ಬಳೇ ಅಷ್ಟು ದೂರ ಹೇಗೆ ಹೋದೆ ಅಂತ ಇವರು ಮೂರು ಸಲ ಕೇಳಿದರು. ಬಸ್ಸಿನಲ್ಲಿ, ಇನ್ನು ಹೇಗೆ.

ಜುಲೈ 25, ಶುಕ್ರವಾರ

ಬೇಗ ಬರೆದು ಮುಗಿಸಬೇಕು.

ನಿನ್ನೆ ಭೀಮನ ಅಮಾವಾಸ್ಯೆ. ನಂಜುಂಡೇಶ ಮಾವನ ಮನೆಗೆ ಹೋಗಿ, ಹೆಂಡತಿಯಿಂದ ಪೂಜೆ ಮಾಡಿಸಿಕೊಂಡು ಅಲ್ಲೇ ಉಳಿದಿದ್ದ. ಗಾಡಿಯಲ್ಲೇ ಕರೆದುಕೊಂಡು ಬತ್ತೀನಿ, ನೀನು ಯಾಕೆ ಬರಬೇಕು ಅವ್ವ ಅಂದ. ಬರ್ತೀನಿ ಅಂದ ಮೇಲೆ ಬರಬೇಕು ಕಣೋ ಅಂದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಬೀಗಿತ್ತಿ ಮಡಿಲು ತುಂಬಿಸಿ ಕಳಿಸಿದರು. ಅಳು ಬರಲಿಲ್ಲ ಅವರಿಗೆ, ಮುಂದಿನ ವಾರ ಬತ್ತೀನಿ, ನಾನಿಲ್ಲದೆ ಆ ಬಾವಿಯವಳನ್ನು ಮುಗಿಸಬೇಡಿ ಅಂದರು.

ಮನೆಗೆ ಬಂದು, ಹೊಸಿಲಿಗೆ ಅರಿಸಿನ ಹಚ್ಚಿ, ಶುಕ್ರವಾರದ ಪೂಜೆ ಮುಗಿಸಿ, ಊಟವಾಗುವ ಹೊತ್ತಿಗೆ ಮೂರು ಗಂಟೆ. ಭಾವನಾ ಕಿಟಕಿ ಮುಚ್ಚಿದಳು. ಮಾಯಮ್ಮ ಕಾಂಪೌಂಡಿನ ಆಚೆ ಕಿವಿ ಕೊಟ್ಟು ನಿಂತಿದ್ದಳು, ನೀನೂ ಬಾರೇ ಅಂದೆ. ಬಂದು ಬಾಗಿಲಲ್ಲೇ ಕೂತಳು.

ಅಂಗಳ, ಬಾವಿ, ಮೆಟ್ಟಿಲು, ಹೆಬ್ಬಾಗಿಲು. ಒಟ್ಟಿಗೆ ತಳ್ಳಿದೆವು. ರೆಡಿನಾ ಅತ್ತೆ ಅಂದಳು. ಹೂಂ ಕಣವ್ವ ಅಂದೆ. ಮೂರು ವಾರದಿಂದ ಆ ಬಾಗಿಲ ಆಚೆ ಏನಿದೆ ಅಂತ ನಾನು ಏನೆಲ್ಲ ಅಂದುಕೊಂಡಿದ್ದೆ, ಅಮ್ಮ ಸಿಗುತ್ತಾಳೆ, ದೀಪಗಳಿವೆ, ಸಿಂಹಾಸನವಿದೆ. ಇಬ್ಬರೂ ಒಂದೇ ಸಲಕ್ಕೆ ಕಾಲಿಟ್ಟೆವು.

ಏನು ಬಂತು ಅಂತ ನೋಡಲೂ ಆಗಲಿಲ್ಲ. ಮಾವಿನ ಮರದಷ್ಟು ದೊಡ್ಡದು ಏನೋ ಮೇಲಿನಿಂದ ಬಿತ್ತು. ಅಕ್ಕ, ತಂಗಿ ಇಬ್ಬರೂ ಅಪ್ಪಚ್ಚಿ. ಟಿವಿಯೆಲ್ಲ ಕೆಂಪು. ಮಾಯಮ್ಮ ಕಿರುಚಿಕೊಂಡು ಎದ್ದು ಓಡಿದವಳು, ಮತ್ತೆ ಬಂದು ನನ್ನ ಪಕ್ಕಕ್ಕೇ ಒತ್ತಿ ಕೂತಳು. ಭಾವನಾ ನನ್ನ ಭುಜದ ಮೇಲೆ ತಲೆಯಿಟ್ಟು ನಗುತ್ತಿದ್ದಾಳೆ, ನನಗೆ ಕಣ್ಣಲ್ಲಿ ನೀರು, ಒರೆಸಿಕೊಂಡು ನೋಡಿದರೆ ಇಬ್ಬರೂ ಮತ್ತೆ ಹೊಸಿಲಿನ ಈಚೆಗೆ ಲಾಟೀನು ಹಿಡಿದು ನಿಂತಿದ್ದೇವೆ.

ಮತ್ತೆ ದಾಟಿದೆವು. ಮತ್ತೆ ಸತ್ತೆವು. ಸಂಜೆ ದೀಪ ಹಚ್ಚುವವರೆಗೆ ಸೊಸೆ ನಾನು ಅದೊಂದೇ ಹೊಸಿಲನ್ನು ಎಷ್ಟು ಸಲ ದಾಟಿದೆವೋ, ಎಣಿಸಿದವರು ಯಾರು.